ತೊಂಬತ್ತರ ದಶಕದ 'ಏಲಿಯನ್ಸ್' ಪತ್ರಿಕೆ: ಹುಡುಕುವುದು, ಓದುವುದು, ನಮ್ಮ ಬಿಸಿಲಿನಲ್ಲಿ ಕಾಪಾಡುವುದು

ಸಿನಿಮಾದ ಹೆಸರು ಹೊತ್ತು ಬರುವ ಪತ್ರಿಕೆಗಳಿಗೆ ಆಯುಷ್ಯ ಕಡಿಮೆ. ಚಿತ್ರದ ಸದ್ದು ಅಡಗಿದ ಮೇಲೆ ಅವು ರದ್ದಿಗೆ ಹೋಗುತ್ತವೆ, ಉಳಿದವು ಯಾರದೋ ಅಟ್ಟದ ಮೇಲೆ ಹಳದಿಯಾಗುತ್ತವೆ. ಬ್ರಿಟನ್ನಿನಲ್ಲಿ 1991ರಿಂದ 1994ರವರೆಗೆ ಪ್ರಕಟವಾದ 'ಏಲಿಯನ್ಸ್' ಎಂಬ ಕಾಮಿಕ್ಸ್ ಪತ್ರಿಕೆಗೂ ಅದೇ ಗತಿಯಾಯಿತು. ಆದರೆ ವಿಜ್ಞಾನ ಕಥೆಯನ್ನು ಪ್ರೀತಿಸುವವರು ಇಂದು ಮರಳಿ ಕೈಗೆತ್ತಿಕೊಳ್ಳಲೇಬೇಕಾದ ಪತ್ರಿಕೆ ಇದು ಎಂದು ನಾನು ದೃಢವಾಗಿ ನಂಬಿದ್ದೇನೆ. ಒಂದು ಕಥಾಲೋಕದ ಮುಂದಿನ ದಾರಿ ಇನ್ನೂ ತೀರ್ಮಾನವಾಗದೆ ಇದ್ದ ಕಾಲವನ್ನು, ಆ ಕಾಲದ ಓದುಗರ ನಿರೀಕ್ಷೆಯನ್ನೂ ಸೇರಿಸಿ, ಅದರ ಪುಟಗಳು ಹಿಡಿದಿಟ್ಟಿವೆ. ಬಳ್ಳಾರಿಯಲ್ಲಿ ಕುಳಿತು ಇಂಥ ಪತ್ರಿಕೆಯನ್ನು ಹುಡುಕುವುದು, ತರಿಸುವುದು, ಓದುವುದು ಮತ್ತು ನಮ್ಮ ಬಿಸಿಲು ಧೂಳಿನ ನಡುವೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ರಾಯಚೂರು ಮತ್ತು ಕೊಪ್ಪಳದವರಿಗೂ ಇದು ಹೆಚ್ಚುಕಡಿಮೆ ಹಾಗೆಯೇ ಅನ್ವಯಿಸುತ್ತದೆ.

ಮೊದಲು, ಹುಡುಕುತ್ತಿರುವುದು ಏನೆಂದು ತಿಳಿದುಕೊಳ್ಳಿ

ಬಾಹ್ಯಾಕಾಶದಲ್ಲಿ ಮನುಷ್ಯರನ್ನು ಬೇಟೆಯಾಡುವ ಅನ್ಯಗ್ರಹ ಜೀವಿಯ ಕಥೆ ಹೇಳುವ, ರಿಡ್ಲಿ ಸ್ಕಾಟ್ ನಿರ್ದೇಶನದ 'ಏಲಿಯನ್' ಚಿತ್ರ ಬಂದದ್ದು 1979ರಲ್ಲಿ. ಜೇಮ್ಸ್ ಕ್ಯಾಮೆರಾನ್ ನಿರ್ದೇಶನದ 'ಏಲಿಯನ್ಸ್' 1986ರಲ್ಲಿ ಬಂತು. ಅದೇ 1986ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಮೈಕ್ ರಿಚರ್ಡ್‌ಸನ್ ಎಂಬುವರು ಡಾರ್ಕ್ ಹಾರ್ಸ್ ಕಾಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ ಚಿತ್ರದ ಹಕ್ಕು ಪಡೆದು 1988ರಲ್ಲಿ 'ಏಲಿಯನ್ಸ್' ಹೆಸರಿನ ಆರು ಸಂಚಿಕೆಗಳ ಕಾಮಿಕ್ಸ್ ಸರಣಿಯನ್ನು ಶುರುಮಾಡಿತು. ಕಥೆ ಮಾರ್ಕ್ ವರ್‌ಹೈಡನ್ ಅವರದು, ಕಪ್ಪುಬಿಳುಪಿನ ಚಿತ್ರಗಳು ಮಾರ್ಕ್ ಎ. ನೆಲ್ಸನ್ ಅವರವು. ಮುಂದೆ ಬಂದ ಸರಣಿಗಳಲ್ಲಿ ಡೆನ್ ಬ್ಯೂವೇ ಅವರ ವರ್ಣಚಿತ್ರಗಳೂ ಸ್ಯಾಮ್ ಕೀತ್ ಅವರ ವಿಲಕ್ಷಣ ಗೆರೆಗಳೂ ಸೇರಿಕೊಂಡವು.

ಬ್ರಿಟನ್ನಿನ ಪತ್ರಿಕೆ ಈ ಅಮೆರಿಕನ್ ಸರಣಿಗಳನ್ನು ಧಾರಾವಾಹಿಯಾಗಿ ತುಂಡು ಮಾಡಿ ಮರುಮುದ್ರಿಸುತ್ತಿತ್ತು. ಜೊತೆಗೆ ಲೇಖನ, ಸುದ್ದಿ ಮತ್ತು ಓದುಗರ ಪತ್ರಗಳು ಇರುತ್ತಿದ್ದವು. ಕೊಳ್ಳುವವರು ಎಡವುವುದು ಸಾಮಾನ್ಯವಾಗಿ ಒಂದು ಕಡೆ. ಪತ್ರಿಕೆಗೆ ಎರಡು ಸಂಪುಟಗಳಿವೆ. ಮೊದಲ ಸಂಪುಟವನ್ನು 1991ರಲ್ಲಿ ಶುರುಮಾಡಿದ್ದು ಟ್ರೈಡೆಂಟ್ ಕಾಮಿಕ್ಸ್. 1992ರ ಜುಲೈನಲ್ಲಿ ಡಾರ್ಕ್ ಹಾರ್ಸ್ ಇಂಟರ್‌ನ್ಯಾಷನಲ್ ಹೆಸರಿನಲ್ಲಿ ಎರಡನೆಯ ಸಂಪುಟ ಮತ್ತೆ 1ನೇ ಸಂಖ್ಯೆಯಿಂದಲೇ ಆರಂಭವಾಗಿ, 22 ಸಂಚಿಕೆಗಳ ತನಕ ನಡೆದು, 1994ರಲ್ಲಿ ನಿಂತುಹೋಯಿತು. ಹೀಗಾಗಿ ಒಂದೇ ಹೆಸರಿನ, ಒಂದೇ ಸಂಖ್ಯೆಯ ಎರಡು ಬೇರೆ ಬೇರೆ ಸಂಚಿಕೆಗಳು ಮಾರುಕಟ್ಟೆಯಲ್ಲಿರುತ್ತವೆ. ಮಾರುವವರು ಬರೀ '5ನೇ ಸಂಚಿಕೆ' ಎಂದು ಬರೆದಿದ್ದರೆ ಸಂಪುಟ ಯಾವುದು, ಮುಖಪುಟದ ಮೇಲಿನ ತಿಂಗಳು ಮತ್ತು ವರ್ಷ ಯಾವುದು ಎಂದು ಕೇಳದೆ ಹಣ ಕಳಿಸಬೇಡಿ. ಅಮೆರಿಕದ ಮೂಲ ಕಾಮಿಕ್ಸ್‌ಗೂ ಇದೇ ಹೆಸರಿರುವುದರಿಂದ ಪ್ರಕಾಶಕರ ಹೆಸರನ್ನೂ ಖಚಿತಪಡಿಸಿಕೊಳ್ಳಬೇಕು.

ಒಂದು ನೋಟ್‌ಬುಕ್ಕಿನಲ್ಲಿ ಸಂಪುಟ, ಸಂಖ್ಯೆ, ತಿಂಗಳು, ಒಳಗಿನ ಧಾರಾವಾಹಿಗಳು, ನಿಮ್ಮ ಪ್ರತಿಯ ಸ್ಥಿತಿ ಎಂಬ ಐದು ಅಂಕಣ ಹಾಕಿಕೊಳ್ಳಿ. ಅಂಕಣ ತುಂಬಲು ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಎಂಬ ಸ್ವಯಂಸೇವಕರ ಸೂಚಿ ನೆರವಾಗುತ್ತದೆ. ಅದರಲ್ಲಿ ಸಾವಿರಾರು ಕಾಮಿಕ್ಸ್ ಸರಣಿಗಳ ಸಂಚಿಕೆವಾರು ವಿವರ ಉಚಿತವಾಗಿ ಸಿಗುತ್ತದೆ. ಪಟ್ಟಿ ಇಲ್ಲದೆ ಕೊಳ್ಳಲು ಹೊರಟರೆ ಧಾರಾವಾಹಿಯ ಮೂರನೆಯ ಕಂತು ಕೈಯಲ್ಲಿರುತ್ತದೆ, ಮೊದಲೆರಡು ಎಂದೂ ಸಿಗುವುದಿಲ್ಲ.

ಎಲ್ಲಿ ಹುಡುಕಬೇಕು, ಏನು ಕೇಳಬೇಕು

ನಮ್ಮ ಊರುಗಳ ರದ್ದಿ ಅಂಗಡಿಗಳಲ್ಲಿ ಈ ಪತ್ರಿಕೆ ಸಿಗುವ ಸಂಭವ ತೀರ ಕಡಿಮೆ. ಆದರೆ ತೊಂಬತ್ತರ ದಶಕದಲ್ಲಿ ಭಾರತಕ್ಕೆ ಬಂದ ವಿದೇಶಿ ಹಳೇ ಪತ್ರಿಕೆಗಳು ದೊಡ್ಡ ನಗರಗಳ ಹಳೇ ಪುಸ್ತಕದ ಸಾಲುಗಳಲ್ಲಿ ಇಂದಿಗೂ ಬಿಡಿಬಿಡಿಯಾಗಿ ಕಾಣಿಸಿಕೊಳ್ಳುತ್ತವೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಮತ್ತು ಅಲ್ಲಿನ ಆಬಿಡ್ಸ್‌ನಲ್ಲಿ ಭಾನುವಾರ ರಸ್ತೆ ಬದಿಯಲ್ಲಿ ಹರಡಿಕೊಳ್ಳುವ ಹಳೇ ಪುಸ್ತಕಗಳ ಸಂತೆ ಒಮ್ಮೆಯಾದರೂ ನೋಡತಕ್ಕದ್ದು. ಬಳ್ಳಾರಿಯಿಂದ ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಹೋಗುವವರು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಕಾಮಿಕ್ಸ್ ಕಪಾಟನ್ನು ಕೇಳಿ ನೋಡಬಹುದು. ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಬೇಸರ ಬೇಡ.

ಪೂರ್ತಿ ಸಂಪುಟ ಬೇಕೆಂದರೆ ಬ್ರಿಟನ್ನಿನ ಮಾರಾಟಗಾರರಿಂದಲೇ ತರಿಸಬೇಕಾಗುತ್ತದೆ, ಇಬೇ ಎಂಬ ಮಾರಾಟದ ಜಾಲತಾಣ ಅದಕ್ಕೆ ಸುಲಭದ ದಾರಿ. ಬಿಡಿ ಸಂಚಿಕೆಯ ಬೆಲೆಗಿಂತ ಅಂಚೆಯ ವೆಚ್ಚವೇ ಹೆಚ್ಚಾಗುವುದರಿಂದ ಒಬ್ಬರೇ ಮಾರಾಟಗಾರರಿಂದ ಹಲವು ಸಂಚಿಕೆಗಳನ್ನು ಒಟ್ಟಿಗೆ ಕೊಳ್ಳಿ, ಎಲ್ಲವನ್ನೂ ಒಂದೇ ಪಾರ್ಸೆಲ್ಲಿನಲ್ಲಿ ಕಳಿಸಲು ಕೇಳಿ. ಕಸ್ಟಮ್ಸ್ ಸುಂಕ ಬೀಳಬಹುದಾದ್ದರಿಂದ ಆ ಮೊತ್ತಕ್ಕೂ ಬಜೆಟ್ಟಿನಲ್ಲಿ ಜಾಗವಿರಲಿ.

ಸ್ಥಿತಿಯನ್ನು ಹೇಳುವ ಪದಗಳ ವಿಚಾರದಲ್ಲಿ ಎಚ್ಚರ ಬೇಕು. ಕಾಮಿಕ್ಸ್ ವ್ಯಾಪಾರದಲ್ಲಿ 'ಗುಡ್' ಎಂದರೆ ಒಳ್ಳೆಯ ಸ್ಥಿತಿ ಎಂದು ತಿಳಿಯಬಾರದು. ಮಿಂಟ್, ನಿಯರ್ ಮಿಂಟ್, ವೆರಿ ಫೈನ್, ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್ ಎಂಬ ಇಳಿಕೆಯ ಕ್ರಮದಲ್ಲಿ ಅದು ಬಹಳ ಕೆಳಗಿದೆ. 'ಗುಡ್' ಎಂದು ಗುರುತಿಸಿದ ಪ್ರತಿ ಚೆನ್ನಾಗಿಯೇ ಸವೆದಿರುತ್ತದೆ. ಓದುವುದಕ್ಕಾಗಿ ಕೊಳ್ಳುವವರಿಗೆ 'ವೆರಿ ಗುಡ್' ಅಥವಾ 'ಫೈನ್' ಸಾಕು, ಅದಕ್ಕೂ ಮೇಲಿನದಕ್ಕೆ ದುಪ್ಪಟ್ಟು ಹಣ ಕೊಡುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಮಾರಾಟಗಾರರಿಂದ ಫೋಟೊ ಕೇಳುವಾಗ ಮುಂದಿನ ರಕ್ಷಾಪುಟದ ಚಿತ್ರವೊಂದಕ್ಕೇ ತೃಪ್ತರಾಗಬೇಡಿ. ಹಿಂಬದಿ, ಬೆನ್ನಿನ ಉದ್ದ, ಮತ್ತು ಪಿನ್ನುಗಳು ಕಾಣುವಂತೆ ತೆರೆದ ನಡುಪುಟ, ಇವು ಮೂರೂ ಬೇಕು. ನಡುಪುಟ ಮುಖ್ಯ. ಒಂದು ಪಿನ್ನು ಸಡಿಲವಾಗಿದ್ದರೆ ನಡುವಿನ ನಾಲ್ಕು ಪುಟಗಳ ಹಾಳೆ ಮೊದಲು ಕಳಚುತ್ತದೆ. ಪುಟಗಳನ್ನು ಎಣಿಸಿ ಹೇಳುವಂತೆಯೂ ಕೇಳಿ, ಏಕೆಂದರೆ ಇಷ್ಟವಾದ ಚಿತ್ರವನ್ನು ಗೋಡೆಗೆ ಅಂಟಿಸಲು ಕಿತ್ತುಕೊಂಡ ಹುಡುಗರು ಆ ಕಾಲದಲ್ಲಿ ಎಲ್ಲ ದೇಶಗಳಲ್ಲೂ ಇದ್ದರು.

ಪಾರ್ಸೆಲ್ ಬಂದ ದಿನ

ಮೇ ತಿಂಗಳಲ್ಲಿ ಬರುವ ಪಾರ್ಸೆಲ್ಲನ್ನು ಕೈಗೆ ಸಿಕ್ಕ ಕೂಡಲೇ ತೆರೆಯಬೇಡಿ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಗಾಡಿಯೊಳಗೆ ಕಾದ ರಟ್ಟಿನ ಡಬ್ಬಿಯೊಳಗೆ ಕಾಗದ ಒಣಗಿ ಗಡುಸಾಗಿರುತ್ತದೆ. ಮನೆಯ ತಂಪಾದ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ಬೆಳಿಗ್ಗೆ ಬಿಚ್ಚುವುದು ಒಳ್ಳೆಯದು. ಬ್ಲೇಡನ್ನು ಡಬ್ಬಿಯ ಅಂಚಿನ ಉದ್ದಕ್ಕೂ ಮೇಲ್ಮೇಲೆ ಎಳೆಯಿರಿ, ನಡುವೆ ಚುಚ್ಚಬೇಡಿ.

ತೊಳೆದು ಚೆನ್ನಾಗಿ ಒರೆಸಿಕೊಂಡ ಬರಿಗೈಯಲ್ಲೇ ಪುಟ ತಿರುಗಿಸಿ. ಬಟ್ಟೆಯ ಕೈಗವಸು ಹಾಕಿಕೊಂಡರೆ ಬೆರಳಿಗೆ ಹಾಳೆಯ ಅರಿವಾಗುವುದಿಲ್ಲ, ಅಂಚು ಹರಿಯುವುದೇ ಹೆಚ್ಚು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಪತ್ರಿಕೆಯನ್ನು ಅದರ ಮೇಲಿಟ್ಟು, ನಡುಪುಟಕ್ಕೆ ತೆರೆದು, ಟಾರ್ಚಿನ ಬೆಳಕನ್ನು ಪಕ್ಕದಿಂದ ಬೀಳಿಸಿ ನೋಡಿ. ಪಿನ್ನಿನ ಸುತ್ತ ಇಟ್ಟಿಗೆ ಬಣ್ಣದ ಉಂಗುರ ಕಂಡರೆ ಅದು ತುಕ್ಕು. ಬ್ರಿಟನ್ನಿನ ತೇವದ ಹವೆಯಲ್ಲಿ ಮೂವತ್ತು ವರ್ಷ ಇದ್ದ ಪ್ರತಿಗಳಲ್ಲಿ ಇದು ಸಾಮಾನ್ಯ. ತುಕ್ಕು ಬರೀ ಮೇಲ್ಮೈಯಲ್ಲಿದ್ದರೆ ಹಾಗೆಯೇ ಬಿಡಿ. ಕಾಗದವನ್ನು ತಿನ್ನುತ್ತಿದೆ ಎನಿಸಿದರೆ ಪಿನ್ನಿನ ಕಾಲುಗಳನ್ನು ಚಪ್ಪಟೆ ಚಿಮಟದಿಂದ ಮೆಲ್ಲಗೆ ನೇರಮಾಡಿ ಹೊರತೆಗೆದು, ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಬಹುದು. ಹರಿದ ಕಡೆ ಸೆಲ್ಲೋಟೇಪ್ ಮಾತ್ರ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ.

ಹುಳದ ತೂತು ಕಂಡರೆ ಅಥವಾ ಪುಟಗಳ ನಡುವೆ ಬೆಳ್ಳಿಬಣ್ಣದ ಹುಳು ಸರಸರನೆ ಓಡಿದರೆ ಆ ಪ್ರತಿಯನ್ನು ಬೇರೆಯವುಗಳ ಹತ್ತಿರ ಇಡಬೇಡಿ. ಗಾಳಿಯಾಡದ ಜಿಪ್ ಚೀಲದಲ್ಲಿ ಮುಚ್ಚಿ, ಮನೆಯ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಹನಿ ಕಟ್ಟುತ್ತದೆ.

ಓದುವ ಕ್ರಮ

ಈ ಕಥೆಗಳ ಬಹುಪಾಲು ಇಂದು ದಪ್ಪ ಸಂಕಲನಗಳಲ್ಲಿ ಸಿಗುತ್ತದೆ. ಹಾಗಿದ್ದರೂ ಪತ್ರಿಕೆಯನ್ನೇ ಏಕೆ ಓದಬೇಕು ಎಂಬುದಕ್ಕೆ ಕಾರಣ 1992ರಲ್ಲಿದೆ.

'ಏಲಿಯನ್ಸ್' ಚಿತ್ರದ ಕೊನೆಯಲ್ಲಿ ನಾಯಕಿ ರಿಪ್ಲಿ, ಬಾಲಕಿ ನ್ಯೂಟ್, ಸೈನಿಕ ಹಿಕ್ಸ್ ಮತ್ತು ಯಂತ್ರಮಾನವ ಬಿಷಪ್ ಬದುಕುಳಿದು ದೀರ್ಘನಿದ್ರೆಗೆ ಜಾರುತ್ತಾರೆ. ಮುಂದೇನಾಯಿತು ಎಂದು ಸಿನಿಮಾ ಆರು ವರ್ಷ ಹೇಳಲಿಲ್ಲ. ಆ ಖಾಲಿ ಜಾಗದಲ್ಲಿ ವರ್‌ಹೈಡನ್ ತಮ್ಮ ಕಥೆ ಕಟ್ಟಿದರು. ವರ್ಷಗಳು ಉರುಳಿವೆ, ನ್ಯೂಟ್ ದೊಡ್ಡವಳಾಗಿ ಮನೋರೋಗಿಗಳ ಆಸ್ಪತ್ರೆಯಲ್ಲಿ ದುಃಸ್ವಪ್ನಗಳೊಂದಿಗೆ ಸೆಣಸುತ್ತಿದ್ದಾಳೆ. ಮುಖದ ಒಂದು ಪಾರ್ಶ್ವ ಸುಟ್ಟ ಗುರುತು ಹೊತ್ತ ಹಿಕ್ಸ್ ಆಕೆಯನ್ನು ಅಲ್ಲಿಂದ ಪಾರುಮಾಡಲು ಬರುತ್ತಾನೆ, ಮತ್ತು ಆ ಅನ್ಯಗ್ರಹ ಜೀವಿಗಳು ಕೊನೆಗೆ ಭೂಮಿಗೇ ಬರುತ್ತವೆ. ಓದುಗರಿಗೆ ಇದೇ ಮುಂದುವರಿದ ನಿಜವಾದ ಕಥೆಯಾಗಿತ್ತು. 1992ರ ಮೇ ತಿಂಗಳಲ್ಲಿ ಡೇವಿಡ್ ಫಿಂಚರ್ ನಿರ್ದೇಶನದ ಮೂರನೆಯ ಚಿತ್ರ 'ಏಲಿಯನ್ 3' ಅಮೆರಿಕದಲ್ಲಿ ತೆರೆಕಂಡು, ಮೊದಲ ಕೆಲವು ನಿಮಿಷಗಳಲ್ಲೇ ನ್ಯೂಟ್ ಮತ್ತು ಹಿಕ್ಸ್ ಇಬ್ಬರನ್ನೂ ಕೊಂದುಹಾಕಿತು. ಅಲ್ಲಿಯವರೆಗಿನ ಕಾಮಿಕ್ಸ್ ಕಥೆ ಒಂದೇ ಏಟಿಗೆ ಸುಳ್ಳಾಯಿತು. ಮುಂದಿನ ಮರುಮುದ್ರಣಗಳಲ್ಲಿ ಪ್ರಕಾಶಕರು ಹಿಕ್ಸ್‌ನನ್ನು ವಿಲ್ಕ್ಸ್ ಎಂದೂ ನ್ಯೂಟ್‌ಳನ್ನು ಬಿಲ್ಲಿ ಎಂದೂ ಬದಲಿಸಿದರು, ಸರಣಿಗಳಿಗೂ ಹೊಸ ಶೀರ್ಷಿಕೆ ಕೊಟ್ಟರು. ಮೂಲ ಹೆಸರುಗಳಿರುವ ಕಪ್ಪುಬಿಳುಪಿನ ಗಟ್ಟಿರಟ್ಟಿನ ಆವೃತ್ತಿ ಮತ್ತೆ ಬಂದದ್ದು 'ಏಲಿಯನ್ಸ್' ಚಿತ್ರದ ಮೂವತ್ತನೆಯ ವರ್ಷವಾದ 2016ರಲ್ಲಿ.

ಬ್ರಿಟನ್ನಿನ ಪತ್ರಿಕೆ ನಡೆದದ್ದು ಈ ತಿರುವಿನ ಎರಡೂ ಬದಿಗಳಲ್ಲಿ. ಮೊದಲ ಸಂಪುಟ ಮೂರನೆಯ ಚಿತ್ರಕ್ಕಾಗಿ ಕಾಯುತ್ತಿದ್ದವರ ಕೈಯಲ್ಲಿತ್ತು. ಎರಡನೆಯದು ಬಹುಮಟ್ಟಿಗೆ ಚಿತ್ರ ನೋಡಿ ಬಂದವರ ಕೈ ಸೇರಿತು. ಆದ್ದರಿಂದ ಕ್ರಮ ಹೀಗಿರಲಿ: ಮೊದಲ ಎರಡು ಚಿತ್ರಗಳನ್ನು ನೋಡಿ, ಮೂರನೆಯದನ್ನು ತಡೆಹಿಡಿಯಿರಿ. ಮೊದಲ ಸಂಪುಟದ ಕೈಗೆ ಸಿಕ್ಕ ಸಂಚಿಕೆಗಳನ್ನು ತಿಂಗಳ ಕ್ರಮದಲ್ಲಿ ಓದಿ. ಅದಾದ ಮೇಲೆ ಮೂರನೆಯ ಚಿತ್ರ ನೋಡಿ, ನಂತರವೇ ಎರಡನೆಯ ಸಂಪುಟ ತೆರೆಯಿರಿ. ಮೂರನೆಯ ಚಿತ್ರವನ್ನು ಈಗಾಗಲೇ ನೋಡಿರುವವರಿಗೂ ಈ ಕ್ರಮದಿಂದ ನಷ್ಟವಿಲ್ಲ, ನ್ಯೂಟ್ ದೊಡ್ಡವಳಾಗಿರುವ ಪುಟವನ್ನು ನೋಡುವಾಗ ಅವರ ಮನಸ್ಸು ಕಲಕುವುದು ಇನ್ನೂ ಹೆಚ್ಚು.

ಸಂಚಿಕೆಯೊಳಗೆ ಧಾರಾವಾಹಿಯ ಕಂತಿಗೆ ನೇರವಾಗಿ ಹಾರಬೇಡಿ. ರಕ್ಷಾಪುಟ, ಸಂಪಾದಕರ ಮಾತು, ಸುದ್ದಿ, ಪತ್ರಗಳು, ಜಾಹೀರಾತುಗಳು ಎಲ್ಲವನ್ನೂ ಅಚ್ಚಾದ ಕ್ರಮದಲ್ಲೇ ಓದಿ. ಯಾವ ಆಟಿಕೆ, ಯಾವ ವಿಡಿಯೊ ಕ್ಯಾಸೆಟ್, ಯಾವ ಕಂಪ್ಯೂಟರ್ ಆಟ ಆ ತಿಂಗಳು ಮಾರಾಟಕ್ಕಿತ್ತು ಎಂಬುದು ಓದುಗರ ವಯಸ್ಸನ್ನೂ ಅಭಿರುಚಿಯನ್ನೂ ಹೇಳುತ್ತದೆ. ಚಿತ್ರದ ಬಂದೂಕು, ವಾಹನ, ಸೈನ್ಯದ ರಚನೆ ಇವನ್ನು ನಿಜವೆಂಬಂತೆ ವಿವರಿಸುವ ತಾಂತ್ರಿಕ ಲೇಖನಗಳು ನನಗೆ ಕಥೆಗಳಷ್ಟೇ ಪ್ರಿಯವಾದವು. ಒಂದು ಕಾಲ್ಪನಿಕ ಲೋಕವನ್ನು ನಂಬುವಂತೆ ಮಾಡಲು ಎಷ್ಟು ಅಕ್ಕರೆಯ ದುಡಿಮೆ ಬೇಕು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಸಂಕಲನಗಳು ಇವನ್ನೆಲ್ಲ ಬಿಟ್ಟುಬಿಡುತ್ತವೆ.

ಕಂತುಗಳ ನಡುವೆ ಅಂತರ ಇಟ್ಟುಕೊಳ್ಳುವುದೂ ಓದಿನ ಭಾಗವೇ. ಎಲ್ಲ ಸಂಚಿಕೆಗಳು ಕೈಯಲ್ಲಿದ್ದರೂ ವಾರಕ್ಕೆ ಒಂದರಂತೆ ಓದಿ. ವಾರಪತ್ರಿಕೆಗಳ ಧಾರಾವಾಹಿಗಾಗಿ ಕಾದು ಬೆಳೆದ ಕನ್ನಡದ ಓದುಗರಿಗೆ ಈ ಅಭ್ಯಾಸವನ್ನು ಕಲಿಸಬೇಕಾಗಿಲ್ಲ. ಕಂತು ಮುಗಿದಾಗ ಮುಂದೇನಾದೀತು ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡಿ. ಕಥೆಗಾರರು ನಿಮ್ಮ ಊಹೆಯನ್ನು ಎಲ್ಲಿ ಮೀರಿಸಿದರು, ಎಲ್ಲಿ ಸುಲಭದ ದಾರಿ ಹಿಡಿದರು ಎಂಬುದು ಹೀಗೆ ಮಾತ್ರ ಗೊತ್ತಾಗುತ್ತದೆ. ಅಮೆರಿಕದ ಮರುಮುದ್ರಣವಲ್ಲದ ಕಥೆಗಳ ಕಡೆಗೂ ಗಮನವಿರಲಿ. ಪೀಟರ್ ಮಿಲ್ಲಿಗನ್ ಬರೆದು ಪಾಲ್ ಜಾನ್ಸನ್ ಚಿತ್ರಿಸಿದ 'ಸ್ಯಾಕ್ರಿಫೈಸ್' ಮೊದಲು ಧಾರಾವಾಹಿಯಾಗಿ ಬಂದದ್ದು ಈ ಬ್ರಿಟಿಷ್ ಪತ್ರಿಕೆಯಲ್ಲೇ. ಕಾಡಿನ ನಡುವಿನ ಒಂದು ಸಣ್ಣ ವಸಾಹತು ಮತ್ತು ಅಲ್ಲಿಗೆ ಬಂದಿಳಿಯುವ ಒಬ್ಬ ಧರ್ಮಬೋಧಕಿಯ ಕಥೆ ಅದು. ಬಂದೂಕಿನ ಸದ್ದಿಗಿಂತ ಪಾಪಪ್ರಜ್ಞೆಯ ಭಾರ ಅದರಲ್ಲಿ ಹೆಚ್ಚು.

ಒಂದು ಮಾತು ಪಾಲಕರಿಗೆ. ಕಾಮಿಕ್ಸ್ ಎಂದ ಮಾತ್ರಕ್ಕೆ ಇದು ಮಕ್ಕಳ ಪತ್ರಿಕೆಯಲ್ಲ. ರಕ್ತ, ಭೀತಿ, ದೇಹ ಸೀಳುವ ದೃಶ್ಯಗಳು ಧಾರಾಳವಾಗಿವೆ. ಚಿಕ್ಕವರ ಕೈಗೆ ಸಿಗದ ಎತ್ತರದಲ್ಲಿ ಇಡಿ.

ನಮ್ಮ ಹವೆಯಲ್ಲಿ ಕಾಪಾಡುವುದು

ಅಗ್ಗದ ಪತ್ರಿಕಾ ಕಾಗದವನ್ನು ಮರದ ತಿರುಳನ್ನು ಅರೆದು ಮಾಡುತ್ತಾರೆ. ಅದರಲ್ಲಿ ಉಳಿದ ಲಿಗ್ನಿನ್ ಎಂಬ ವಸ್ತು ಬೆಳಕು ಮತ್ತು ಗಾಳಿಯ ಸಂಪರ್ಕದಲ್ಲಿ ಹಳದಿಯಾಗುತ್ತದೆ, ಆಮ್ಲ ಹುಟ್ಟಿ ನಾರುಗಳನ್ನು ಕಡಿಯುತ್ತದೆ. ಉಷ್ಣತೆ ಏರಿದಷ್ಟೂ ಈ ಕ್ರಿಯೆಗೆ ವೇಗ ಹೆಚ್ಚು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಕಾಗದಕ್ಕೆ ಮುಪ್ಪು ಬೇಗ ಬರುವುದು ಇದರಿಂದ. ಹೀಗಾಗಿ ಮನೆಯಲ್ಲಿ ಅತ್ಯಂತ ತಂಪಾದ ಜಾಗ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿ. ಅದು ಅಟ್ಟವಂತೂ ಅಲ್ಲ. ಆರ್‌ಸಿಸಿ ಮನೆಯ ಮೇಲ್ಮಹಡಿಯೂ ಅಲ್ಲ, ಪಶ್ಚಿಮದ ಗೋಡೆಗೆ ಆತುಕೊಂಡ ಬೀರುವೂ ಅಲ್ಲ. ಕೆಳಮನೆಯ ಒಳಕೋಣೆಯಲ್ಲಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಒಂದು ಅಡಿಯಾದರೂ ಎತ್ತರದಲ್ಲಿ ಇಟ್ಟ ಕಬ್ಬಿಣದ ಬೀರು ಸರಿಯಾದ ಜಾಗ. ಮರದ ಕಪಾಟಿಗೆ ಗೆದ್ದಲಿನ ಭಯವಿದೆ. ಗೋಡೆಯಲ್ಲಿ ಕೂರಿಸಿದ ಕಡಪ ಕಲ್ಲಿನ ಗೂಡುಗಳಲ್ಲಿ ಗೋಡೆಯ ಕಾವೂ ಮಳೆಗಾಲದ ತೇವವೂ ನೇರವಾಗಿ ಪುಟಕ್ಕೆ ತಾಗುತ್ತವೆ.

ಏರ್ ಕೂಲರಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಮಾರ್ಚಿನಿಂದ ಜೂನಿನವರೆಗೆ ನಮ್ಮ ಮನೆಗಳಲ್ಲಿ ಕೂಲರ್ ಓಡುತ್ತಲೇ ಇರುತ್ತದೆ. ಅದು ನೀರನ್ನು ಆವಿಮಾಡಿ ಗಾಳಿಯನ್ನು ತಂಪುಮಾಡುವ ಯಂತ್ರವಾದ್ದರಿಂದ ಕೋಣೆಯ ತೇವಾಂಶ ಬಹಳ ಏರುತ್ತದೆ. ಕಿಟಕಿ ಮುಚ್ಚಿದ್ದರಂತೂ ಕೇಳುವುದೇ ಬೇಡ. ಹಗಲು ತೇವ, ಕೂಲರ್ ನಿಂತ ಮೇಲೆ ಮತ್ತೆ ಒಣಹವೆ, ಹೀಗೆ ಹಿಗ್ಗಿ ಕುಗ್ಗುವ ಕಾಗದ ಅಲೆಯಲೆಯಾಗಿ ಸೊಟ್ಟಗಾಗುತ್ತದೆ, ಪಿನ್ನುಗಳಿಗೆ ತುಕ್ಕು ಹಿಡಿಯುತ್ತದೆ. ಕೂಲರ್ ಇರುವ ಕೋಣೆಯಲ್ಲಿ ಪತ್ರಿಕೆಗಳನ್ನು ಇಡಬೇಡಿ. ತೇವಾಂಶ ಅಳೆಯುವ ಸಣ್ಣ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೀರಿನೊಳಗೆ ಅದು ಶೇಕಡಾ 35ರಿಂದ 50ರ ನಡುವೆ ತೋರಿಸಿದರೆ ನಿಶ್ಚಿಂತೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಮಳೆಗಾಲದಲ್ಲಿ ಮಾತ್ರ ಇಡಿ, ಬೇಸಿಗೆಯಲ್ಲಿ ಇಟ್ಟರೆ ಮೊದಲೇ ಒಣಗಿದ ಕಾಗದ ಇನ್ನಷ್ಟು ಒಣಗಿ ಮುರಿಯುತ್ತದೆ.

ಪ್ರತಿಯೊಂದು ಸಂಚಿಕೆಯನ್ನೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲದಲ್ಲಿ, ಹಿಂದೆ ಆಮ್ಲರಹಿತ ರಟ್ಟು ಇಟ್ಟು ಜೋಡಿಸಿ. ಪಿವಿಸಿ ಚೀಲ ಬೇಡ, ಅದು ಕಾಲಕ್ರಮೇಣ ಆವಿ ಬಿಟ್ಟು ಶಾಯಿಗೆ ಅಂಟಿಕೊಳ್ಳುತ್ತದೆ. ಅಮೆರಿಕನ್ ಕಾಮಿಕ್ಸ್ ಅಳತೆಯ ಚೀಲಗಳಲ್ಲಿ ಪತ್ರಿಕೆಯ ಅಳತೆಯ ಸಂಚಿಕೆ ಹಿಡಿಸುವುದಿಲ್ಲವಾದ್ದರಿಂದ ಉದ್ದ ಅಗಲ ಅಳೆದು ಆಮೇಲೆ ತರಿಸಿ. ಬೇವಿನ ಎಲೆಯನ್ನು ಪುಟಗಳ ನಡುವೆ ಇಡುವ ಹಿರಿಯರ ಪದ್ಧತಿಯ ಉದ್ದೇಶ ಒಳ್ಳೆಯದೇ, ಆದರೆ ಎಲೆ ಕಾಗದಕ್ಕೆ ತಾಗಿದರೆ ಕಲೆ ಬಿಡುತ್ತದೆ. ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಬೀರಿನ ಮೂಲೆಯಲ್ಲಿಡಿ.

ಧೂಳು ನಮ್ಮ ಭಾಗದ ಇನ್ನೊಂದು ಶತ್ರು. ಸಂಡೂರು ತೋರಣಗಲ್ಲಿನ ಕಡೆಯ ಕೆಂಪು ಅದಿರಿನ ಧೂಳು ಸಣ್ಣದು ಮತ್ತು ಒರಟು, ಒರೆಸಿದರೆ ಕಾಗದದ ಮೇಲೆ ಗೀರುತ್ತಾ ಬಣ್ಣ ಬಿಡುತ್ತದೆ. ಒದ್ದೆ ಬಟ್ಟೆ ಖಂಡಿತ ಬೇಡ. ಮೆತ್ತನೆಯ ಅಗಲ ಕುಂಚದಿಂದ ಬೆನ್ನಿನ ಕಡೆಯಿಂದ ಹೊರಗಿನ ಅಂಚಿನತ್ತ ಒಂದೇ ದಿಕ್ಕಿಗೆ ಹಗುರವಾಗಿ ತಟ್ಟಿ ತೆಗೆಯಿರಿ.

ಸ್ಕ್ಯಾನ್ ಮಾಡಿಕೊಳ್ಳುವುದು

ಪದೇ ಪದೇ ಓದುವುದರಿಂದ ಮೂಲ ಪ್ರತಿ ಸವೆಯುತ್ತದೆ. ಸ್ವಂತ ಓದಿಗಾಗಿ ಒಂದು ಡಿಜಿಟಲ್ ಪ್ರತಿ ಮಾಡಿಕೊಳ್ಳಿ. 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ) ಓದಲು ಸಾಕು, ಚಿತ್ರಗಳ ಗೆರೆಯನ್ನು ಅಭ್ಯಾಸ ಮಾಡುವವರು 600 ಇಟ್ಟುಕೊಳ್ಳಲಿ. ಅಚ್ಚಿನ ಬಣ್ಣದ ಚುಕ್ಕಿಗಳಿಂದ ಸ್ಕ್ಯಾನಿನಲ್ಲಿ ಅಲೆಯಂಥ ಗೆರೆಗಳು ಮೂಡಿದರೆ ಸ್ಕ್ಯಾನರಿನ 'ಡಿಸ್ಕ್ರೀನ್' ಆಯ್ಕೆಯನ್ನು ಬಳಸಿ. ತೆಳು ಕಾಗದದಲ್ಲಿ ಹಿಂಪುಟದ ಚಿತ್ರ ತೂರಿ ಕಾಣುವುದುಂಟು. ಸ್ಕ್ಯಾನ್ ಮಾಡುವ ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟರೆ ಆ ನೆರಳು ಬಹುಮಟ್ಟಿಗೆ ಮಾಯವಾಗುತ್ತದೆ. ಪುಟ ಪೂರ್ತಿ ಚಪ್ಪಟೆಯಾಗಲೆಂದು ಬೆನ್ನನ್ನು ಒತ್ತಬೇಡಿ. ಬೆನ್ನು ಗಡುಸಾಗಿದ್ದರೆ ಸ್ಕ್ಯಾನರ್ ಬಿಟ್ಟು, ಕಿಟಕಿಯ ಪರೋಕ್ಷ ಬೆಳಕಿನಲ್ಲಿ ಮೊಬೈಲಿನಿಂದ ಮೇಲಿನಿಂದ ನೇರವಾಗಿ ಫೋಟೊ ತೆಗೆಯುವುದೇ ಮೇಲು. ಜಾಹೀರಾತು, ಪತ್ರಗಳ ಪುಟ, ಹಿಂಬದಿಯ ರಕ್ಷಾಪುಟ ಯಾವುದನ್ನೂ ಬಿಡಬೇಡಿ. ಕಡತಕ್ಕೆ ಹೆಸರಿಡುವಾಗ ಸಂಪುಟ, ಸಂಖ್ಯೆ, ಪುಟ ಎಂಬ ಕ್ರಮದ ಅಂಕಿಗಳಿರಲಿ, ಉದಾಹರಣೆಗೆ 2-05-014.

ಈ ಕೃತಿಗಳ ಹಕ್ಕುಸ್ವಾಮ್ಯ ಇನ್ನೂ ಜಾರಿಯಲ್ಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಖಾಸಗಿ ಬಳಕೆ ಮತ್ತು ಸಂಶೋಧನೆಗೆ ನ್ಯಾಯವಾದ ಅವಕಾಶ ಕೊಡುತ್ತದೆ, ಹಂಚುವುದಕ್ಕೆ ಅಲ್ಲ. ಸ್ಕ್ಯಾನುಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಗೆಳೆಯರಿಗೆ ತೋರಿಸಬೇಕೆನಿಸಿದರೆ ಮನೆಗೆ ಕರೆದು, ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಮೂಲ ಸಂಚಿಕೆಯನ್ನೇ ಮುಂದಿಡಿ. ಅದೇ ಕಾಲದಲ್ಲಿ ಡಾರ್ಕ್ ಹಾರ್ಸ್ ಇಂಟರ್‌ನ್ಯಾಷನಲ್ 'ಜುರಾಸಿಕ್ ಪಾರ್ಕ್' ಹೆಸರಿನ ಪತ್ರಿಕೆಯನ್ನೂ ಹೊರತಂದಿತ್ತು. 'ಏಲಿಯನ್ಸ್' ಪಟ್ಟಿ ತುಂಬಿದವರು ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಅದೇ ಐದು ಅಂಕಣ ಎಳೆದು ಅದನ್ನೂ ಇದೇ ರೀತಿಯಲ್ಲಿ ಹುಡುಕಬಹುದು.